ಕೆರೆ ಹುಡುಕುವವರಿಗೆ ಟ್ಯಾಂಕ್ ಗೊತ್ತಿರಬೇಕು: ವಿದ್ಯಾರ್ಥಿಗಳಿಗೆ ಲೈಬ್ರರಿ ಕಲಿಸುವ ನನ್ನ ಕ್ರಮ

ಮೊದಲ ಸೆಮಿಸ್ಟರ್ ಶುರುವಾದ ವಾರವೇ ಎಲ್ಲರನ್ನೂ ಸಭಾಂಗಣದಲ್ಲಿ ಕೂರಿಸಿ ಗ್ರಂಥಾಲಯದ ಸ್ಲೈಡು ತೋರಿಸುವುದನ್ನು ನಾನು ಬಿಟ್ಟಿದ್ದೇನೆ. ಆ ವಾರ ಅವರಿಗೆ ಹುಡುಕಬೇಕಾದ್ದೇ ಏನೂ ಇರುವುದಿಲ್ಲ. ಅಸೈನ್‌ಮೆಂಟ್ ಕೈಗೆ ಬಂದ ಮೇಲೆ 12ರಿಂದ 15 ಜನರ ತಂಡವನ್ನು ಕರೆಯುತ್ತೇನೆ. ತಲಾ ಒಂದೂವರೆ ಗಂಟೆಯ ಎರಡು ತರಗತಿ, ಇಬ್ಬರಿಗೊಂದು ಕಂಪ್ಯೂಟರ್. ಹುಡುಕುವ ವಿಷಯ ಅವರದೇ ಅಸೈನ್‌ಮೆಂಟಿನದು.

ಮೊದಲ ತರಗತಿ ಪೂರ್ತಿ ರ‍್ಯಾಕ್‌ಗಳ ನಡುವೆ. ಟ್ರಾಲಿಯಲ್ಲಿ ಹತ್ತು ಅರ್ಥಶಾಸ್ತ್ರದ ಪುಸ್ತಕ ಇಟ್ಟು ಕಾಲ್ ನಂಬರ್ (ಪುಸ್ತಕದ ಜಾಗ ಹೇಳುವ ಸಂಖ್ಯೆ) ಪ್ರಕಾರ ಜೋಡಿಸಲು ಹೇಳುತ್ತೇನೆ. 330.9 ಮೊದಲು, 330.124 ಆಮೇಲೆ ಎಂದು ಇಡುವವರೇ ಹೆಚ್ಚು. ಬಿಂದುವಿನ ನಂತರದ್ದನ್ನು ಒಂಬತ್ತು, ನೂರ ಇಪ್ಪತ್ತನಾಲ್ಕು ಎಂದು ಓದುವುದರಿಂದ ಈ ತಪ್ಪು. ಅಲ್ಲಿರುವುದು ದಶಮಾಂಶ. ಒಂದೊಂದೇ ಅಂಕಿ ಹೋಲಿಸಬೇಕು: ಒಂದು ಒಂಬತ್ತಕ್ಕಿಂತ ಚಿಕ್ಕದು, ಆದ್ದರಿಂದ 330.124 ಮೊದಲು, 330.9 ಆಮೇಲೆ, ಭಾರತದ ಆರ್ಥಿಕ ಸ್ಥಿತಿಯ 330.954 ಅದಕ್ಕೂ ಆಮೇಲೆ. ಇಷ್ಟು ಅರ್ಥವಾಗದಿದ್ದರೆ ಪುಸ್ತಕ ರ‍್ಯಾಕ್‌ನಲ್ಲಿದ್ದರೂ ಅವರಿಗೆ ಸಿಗುವುದಿಲ್ಲ.

ಕನ್ನಡ ಎಂ.ಎ. ಮಕ್ಕಳಿಗೆ ಇನ್ನೊಂದು ತೊಡಕಿದೆ. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ವಿಂಗಡಿಸುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯ 894.814, ಕನ್ನಡ ಭಾಷೆ 494.814. ವ್ಯಾಕರಣದ ಪುಸ್ತಕ ಹುಡುಕುತ್ತಾ ಸಾಹಿತ್ಯದ ಸಾಲಿನಲ್ಲೇ ಸುತ್ತುತ್ತಿರುತ್ತಾರೆ. ಸಾಹಿತ್ಯದಲ್ಲಿ ಕೊನೆಗೆ 1 ಸೇರಿದರೆ ಕಾವ್ಯ, 2 ನಾಟಕ, 3 ಕಥೆ-ಕಾದಂಬರಿ. ಪರಿಗ್ರಹಣ ಸಂಖ್ಯೆಯನ್ನು ಬರೆದುಕೊಂಡು ಬರುವವರೂ ಇದ್ದಾರೆ. ಅದು ಪ್ರತಿಯ ಗುರುತು, ಜಾಗದ ಗುರುತಲ್ಲ.

ಕ್ಯಾಟಲಾಗಿನಲ್ಲಿ ‘ಲಭ್ಯ’ ಎಂದಿದ್ದೂ ಜಾಗದಲ್ಲಿ ಇಲ್ಲವಾದರೆ ಆಚೀಚೆ ಐದೈದು ಪುಸ್ತಕ, ಮೇಲಿನ-ಕೆಳಗಿನ ಹಲಗೆ, ಓದುವ ಮೇಜು, ವಾಪಸ್ ಬಂದ ಪುಸ್ತಕಗಳ ಟ್ರಾಲಿ, ಈ ಕ್ರಮದಲ್ಲಿ ನೋಡಿ ಆಮೇಲೆ ಕೌಂಟರಿಗೆ ಬರಬೇಕು. ಓದಿದ್ದನ್ನು ನೀವೇ ರ‍್ಯಾಕ್‌ಗೆ ಸೇರಿಸಬೇಡಿ, ಮೇಜಿನ ಮೇಲೇ ಬಿಡಿ ಎಂದು ಒತ್ತಿ ಹೇಳುತ್ತೇನೆ. ತಪ್ಪು ಜಾಗಕ್ಕೆ ಹೋದ ಪುಸ್ತಕ ಮುಂದಿನ ಸ್ಟಾಕ್ ಪರಿಶೀಲನೆವರೆಗೂ ಕಳೆದುಹೋದಂತೆಯೇ.

ಎರಡನೆಯ ತರಗತಿ ಹುಡುಕಾಟದ್ದು. ನಿಜವಾದ ಕೆಲಸ ಇರುವುದು ಇಲ್ಲೇ. ವಿಷಯ ‘ಬೆಂಗಳೂರಿನ ಕೆರೆಗಳ ಒತ್ತುವರಿಯ ಇತಿಹಾಸ’ ಎಂದಿಟ್ಟುಕೊಳ್ಳಿ. ಇಡೀ ಶೀರ್ಷಿಕೆಯನ್ನು ಇಂಗ್ಲಿಷಿಗೆ ತಿರುಗಿಸಿ ಟೈಪ್ ಮಾಡುತ್ತಾರೆ, ಒಂದೂ ಬರುವುದಿಲ್ಲ, ‘ಸರ್, ನಮ್ಮ ಲೈಬ್ರರೀಲಿ ಈ ಟಾಪಿಕ್ ಇಲ್ಲ’ ಎನ್ನುತ್ತಾರೆ. ಗೂಗಲ್ ಪುಟದ ಒಳಗಿನ ಮಾತನ್ನೂ ಹುಡುಕುತ್ತದೆ. ಕ್ಯಾಟಲಾಗಿಗೆ ಗೊತ್ತಿರುವುದು ಹೆಚ್ಚೆಂದರೆ ಶೀರ್ಷಿಕೆ, ಲೇಖಕ, ವಿಷಯ ಶೀರ್ಷಿಕೆಗಳಂಥ (ಪುಸ್ತಕ ಯಾವುದರ ಬಗ್ಗೆ ಎಂದು ಗ್ರಂಥಾಲಯ ಸೇರಿಸುವ ಪದಗಳು) ಕೆಲವೇ ಸಾಲು. ಕೊಟ್ಟ ಅಷ್ಟೂ ಪದ ಒಂದೇ ದಾಖಲೆಯಲ್ಲಿರಬೇಕೆಂದು ಕೇಳಿದರೆ ಫಲಿತಾಂಶ ಸೊನ್ನೆಯಾಗದೆ ಇನ್ನೇನು?

ಹಾಗಾಗಿ ಕೀಬೋರ್ಡ್ ಮುಟ್ಟುವ ಮೊದಲು ಹತ್ತು ನಿಮಿಷ ಬಿಳಿ ಹಾಳೆ. ಊರು, ವಸ್ತು, ಸಮಸ್ಯೆ ಎಂದು ಮೂರು ಕಲಂ, ಪ್ರತಿಯೊಂದರ ಕೆಳಗೆ ಬೇರೆ ಹೆಸರುಗಳು. ಇಂಗ್ಲಿಷಿನಲ್ಲಿ ‘ಬೆಂಗಳೂರು’ ಎಂಬ ಬರಹ ಅಧಿಕೃತವಾದದ್ದು 2014ರ ನವೆಂಬರ್ 1ರಂದು. ಅದಕ್ಕೂ ಹಿಂದಿನ ಪುಸ್ತಕಗಳಿಗೆ ‘ಬ್ಯಾಂಗಲೋರ್’ ಎಂದೇ ಕೇಳಬೇಕು. 1973ರ ನವೆಂಬರ್ 1ರವರೆಗೆ ರಾಜ್ಯದ ಹೆಸರು ಮೈಸೂರು, ಆದ್ದರಿಂದ ಹಳೆಯ ಸರ್ಕಾರಿ ವರದಿಗಳಿಗೆ ‘ಮೈಸೂರ್’ ಹಾಕಬೇಕು. ಕೆರೆಗೆ ಇಂದಿನವರು ‘ಲೇಕ್’ ಎನ್ನುತ್ತಾರೆ, ಹಳೆಯ ದಾಖಲೆಗಳಲ್ಲಿ ಅದು ‘ಟ್ಯಾಂಕ್’. ಸ್ಯಾಂಕಿ ಟ್ಯಾಂಕ್ ಎಂಬ ಹೆಸರಿನಲ್ಲಿ ಅದು ಇಂದಿಗೂ ಉಳಿದಿದೆ. ‘ಲೇಕ್’ ಎಂದಷ್ಟೇ ಹುಡುಕಿದವನಿಗೆ ಹಳೆಯ ಕಾಲದ್ದೆಲ್ಲ ಕೈತಪ್ಪುತ್ತದೆ. ಒಂದೇ ಕಲಮಿನ ಪದಗಳ ನಡುವೆ ‘ಆರ್’ (ಯಾವುದಾದರೂ ಒಂದಿದ್ದರೆ ಸಾಕು), ಕಲಂಗಳ ನಡುವೆ ‘ಆಂಡ್’ (ಎರಡೂ ಇರಲೇಬೇಕು). ಮೊದಲು ಎರಡೇ ಕಲಂ ಸಾಕು, ಮೂರನೆಯದು ಫಲಿತಾಂಶ ಹೆಚ್ಚಾದಾಗ.

ಕನ್ನಡದಲ್ಲೇ ಹುಡುಕುವಾಗ ವಿಭಕ್ತಿ ಕಾಡುತ್ತದೆ. ಪದದ ಕೊನೆಗೆ ನಕ್ಷತ್ರ ಚಿಹ್ನೆ ಹಾಕುವುದನ್ನು ಕ್ಯಾಟಲಾಗ್ ಒಪ್ಪುವುದಾದರೆ ‘ಕೆರೆ*’ ಎಂದರೆ ಕೆರೆಗಳು, ಕೆರೆಯ ಎರಡೂ ಬರುತ್ತವೆ. ಆದರೆ ‘ನೀರು*’ ಎಂದರೆ ‘ನೀರಿನ’ ಬರುವುದಿಲ್ಲ, ಕೊನೆಯ ಸ್ವರ ಬದಲಾಗಿದೆಯಲ್ಲ. ‘ನೀರ*’ ಎಂದು ಕೊಡಬೇಕು. ಹಳೆಯ ದಾಖಲೆಗಳು ಯೂನಿಕೋಡ್‌ಗೆ ಮುಂಚಿನ ಫಾಂಟಿನಲ್ಲಿದ್ದರೆ ಕನ್ನಡದಲ್ಲಿ ಎಷ್ಟು ಟೈಪ್ ಮಾಡಿದರೂ ಸಿಗುವುದಿಲ್ಲ. ರೋಮನ್ ಲಿಪಿಯಲ್ಲಿದ್ದರೆ ದೀರ್ಘಕ್ಕೆ ಒಬ್ಬರು ಒಂದು ‘ಎ’, ಇನ್ನೊಬ್ಬರು ಎರಡು ‘ಎ’ ಹಾಕಿರುತ್ತಾರೆ. ಆಗ ಲೇಖಕರ ಹೆಸರಿನಿಂದ ಹೋಗುವುದು ಲೇಸು, ಅದೂ ಎರಡು ಹೆಸರಿನಲ್ಲಿ: ಕುವೆಂಪು ಸಿಗದಿದ್ದರೆ ಪುಟ್ಟಪ್ಪ, ಮಾಸ್ತಿ ಸಿಗದಿದ್ದರೆ ಶ್ರೀನಿವಾಸ.

ಪಿಎಚ್.ಡಿ. ಪ್ರಬಂಧಗಳಿಗೆ ಶೋಧಗಂಗಾ, ಭಾರತದ ವಿಶ್ವವಿದ್ಯಾಲಯಗಳ ಪ್ರಬಂಧಗಳ ಆನ್‌ಲೈನ್ ಭಂಡಾರ. ಅಲ್ಲಿ ಪ್ರಬಂಧಗಳು ಸಾಮಾನ್ಯವಾಗಿ ಅಧ್ಯಾಯವಾರು ಬೇರೆ ಬೇರೆ ಕಡತಗಳಾಗಿರುತ್ತವೆ. ಮೊದಲು ಗ್ರಂಥಋಣದ (ಬಳಸಿದ ಪುಸ್ತಕ, ಲೇಖನಗಳ ಪಟ್ಟಿಯ) ಕಡತ ತೆರೆಸುತ್ತೇನೆ, ಏಕೆಂದರೆ ಒಳ್ಳೆಯ ಒಂದು ಗ್ರಂಥಋಣ ಹತ್ತು ಹುಡುಕಾಟ ಉಳಿಸುತ್ತದೆ. ಆನ್‌ಲೈನ್ ನಿಯತಕಾಲಿಕೆಗಳು ಕ್ಯಾಂಪಸ್ಸಿನಲ್ಲಿ ತೆರೆದುಕೊಳ್ಳುತ್ತವೆ, ಪಿ.ಜಿ. ವಸತಿಗೆ ಹೋದ ಮೇಲೆ ಹಣ ಕೇಳುತ್ತವೆ. ಕ್ಯಾಂಪಸ್ಸಿನ ಐ.ಪಿ. ವಿಳಾಸ (ಇಂಟರ್ನೆಟ್ ಸಂಪರ್ಕದ ಗುರುತಿನ ಸಂಖ್ಯೆ) ಗುರುತಿಸಿ ಬಾಗಿಲು ತೆರೆಯುವ ವ್ಯವಸ್ಥೆ ಅದು. ಯಾರೂ ಕೈಯಿಂದ ಹಣ ಕಟ್ಟಬೇಡಿ, ಗ್ರಂಥಾಲಯದ ಲಾಗಿನ್ ಕೇಳಿ ಎಂದು ಹೇಳದೆ ತರಗತಿ ಬಿಡುವುದಿಲ್ಲ.

ನಮ್ಮಲ್ಲಿ ಇಲ್ಲದ್ದಕ್ಕೆ ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯ, ನೃಪತುಂಗ ರಸ್ತೆಯಲ್ಲಿರುವ ಇತಿಹಾಸ ಅಧ್ಯಯನದ ಸಂಸ್ಥೆ ಮಿಥಿಕ್ ಸೊಸೈಟಿ, ರಾಜ್ಯ ಪತ್ರಾಗಾರಗಳನ್ನು ತೋರಿಸುತ್ತೇನೆ. ಹೋಗುವಾಗ ಗುರುತಿನ ಚೀಟಿ, ವಿಭಾಗ ಮುಖ್ಯಸ್ಥರ ಪತ್ರ ಜೊತೆಗಿರಲಿ.

ಕೊನೆಗೆ ಪ್ರತಿಯೊಬ್ಬರೂ ಒಂದು ಚೀಟಿ ಕೊಡಬೇಕು: ಕಾಲ್ ನಂಬರ್ ಸಹಿತ ಒಂದು ಪುಸ್ತಕ, ಒಂದು ಲೇಖನ, ಒಂದು ಪ್ರಬಂಧ. ಜೊತೆಗೆ, ಹುಡುಕಿದರೂ ಫಲಿತಾಂಶ ಕೊಡದ ಪದಗಳ ಪಟ್ಟಿ. ಆ ಪಟ್ಟಿಯಿಂದಲೇ ಮುಂದಿನ ತಂಡದ ಬಿಳಿ ಹಾಳೆ ತಯಾರಾಗುತ್ತದೆ, ಕ್ಯಾಟಲಾಗಿನ ದಾಖಲೆಗಳಿಗೆ ಸೇರಿಸಬೇಕಾದ ವಿಷಯ ಶೀರ್ಷಿಕೆಗಳೂ ಅದರಲ್ಲೇ ಸಿಗುತ್ತವೆ.