ಹಬ್‌ನೊಳಗಿನ ಗೇರು: ಕೊಳ್ಳುವ ಮುನ್ನ, ಕೊಂಡ ಮೇಲೆ

ಗೇರ್ ಹಬ್, ಅಂದರೆ ಹಿಂದಿನ ಗಾಲಿಯ ನಡುವಿನ ಗುಂಬದೊಳಗೇ ಗೇರುಗಳು ಅಡಗಿರುವ ಸೈಕಲ್ ಕೊಳ್ಳಬೇಕೆಂದಿರುವವರು ತಮ್ಮ ದಿನನಿತ್ಯದ ದಾರಿಯಲ್ಲಿ ಏರು ಎಷ್ಟು ಕಡಿದಾಗಿದೆ, ಎಷ್ಟು ಕಡೆ ನಿಂತು ಹೊರಡಬೇಕಾಗುತ್ತದೆ, ಸೈಕಲ್ಲು ಮಳೆ ಕೆಸರಿಗೆ ಎಷ್ಟು ಸಿಕ್ಕುತ್ತದೆ ಎಂಬ ಮೂರು ಸಂಗತಿಗಳನ್ನು ಮೊದಲು ಯೋಚಿಸಿಕೊಳ್ಳಬೇಕು. ಈ ಹಬ್ಬಿನ ಗುಣದೋಷಗಳೆಲ್ಲ ಬಹುಮಟ್ಟಿಗೆ ಈ ಮೂರಕ್ಕೇ ಬಂದು ನಿಲ್ಲುತ್ತವೆ.

ಚೈನನ್ನು ಪಕ್ಕಕ್ಕೆ ತಳ್ಳಿ ಗೇರ್ ಬದಲಿಸುವ ಡಿರೇಲರ್ ಎಂಬ ಸಾಧನವಿರುವ ಸೈಕಲ್ಲಿನಲ್ಲಿ ಚೈನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಗೇರ್ ಹಬ್ಬಿನಲ್ಲಿ ಹೊರಗೆ ಕಾಣುವ ಹಲ್ಲುಚಕ್ರ ಒಂದೇ. ವೇಗ ಬದಲಾಗುವುದು ಮುಚ್ಚಿದ ಹಬ್ಬಿನೊಳಗೆ. ಅಲ್ಲಿ ಅಚ್ಚಿಗೆ ಬಿಗಿದ ನಡುಗಾಲಿಯ ಸುತ್ತ ಪುಟ್ಟ ಹಲ್ಲುಗಾಲಿಗಳು ಸುತ್ತುತ್ತವೆ, ಅವುಗಳನ್ನು ಒಳಗಡೆ ಹಲ್ಲಿರುವ ಒಂದು ಬಳೆ ಸುತ್ತುವರಿದಿರುತ್ತದೆ. 1936ರಿಂದ ತಯಾರಾಗುತ್ತ ಬಂದ ಸ್ಟರ್ಮಿ ಆರ್ಚರ್ ಕಂಪನಿಯ ಮೂರು ಗೇರಿನ ಎಡಬ್ಲ್ಯೂ ಹಬ್ಬನ್ನೇ ನೋಡಿದರೆ, ಹಲ್ಲುಚಕ್ರ ಒಂದು ಸುತ್ತು ತಿರುಗಿದಾಗ ಗಾಲಿಯು ಒಂದನೆಯ ಗೇರಿನಲ್ಲಿ ಮುಕ್ಕಾಲು ಸುತ್ತು, ಎರಡನೆಯದರಲ್ಲಿ ಸರಿಯಾಗಿ ಒಂದು ಸುತ್ತು, ಮೂರನೆಯದರಲ್ಲಿ ಒಂದೂಕಾಲಕ್ಕಿಂತ ತುಸು ಹೆಚ್ಚು ತಿರುಗುತ್ತದೆ.

ಇದರ ದೊಡ್ಡ ಅನುಕೂಲ ನಿಂತಲ್ಲೇ ಗೇರ್ ಬದಲಿಸಬಹುದು ಎಂಬುದು. ಸಿಗ್ನಲ್ಲಿನಲ್ಲಿ ಭಾರದ ಗೇರಿನಲ್ಲೇ ನಿಂತುಬಿಟ್ಟರೂ ಪೆಡಲ್ ತುಳಿಯದೆ ಹಗುರದ ಗೇರಿಗೆ ಇಳಿದು ಸಲೀಸಾಗಿ ಹೊರಡಬಹುದು. ಗೇರಿನ ಭಾಗಗಳಿಗೆ ಧೂಳು ನೀರು ತಾಗುವುದು ಕಡಿಮೆ. ಚೈನು ಓರೆಯಾಗದೆ ನೇರ ಓಡುವುದರಿಂದ ನಿಧಾನವಾಗಿ ಸವೆಯುತ್ತದೆ, ಅದಕ್ಕೆ ಪೂರ್ತಿ ಕವಚ ಹಾಕಲೂ ಬರುತ್ತದೆ. ಸೈಕಲ್ಲು ಬಲಕ್ಕೆ ಬಿದ್ದರೆ ಬಾಗಿಹೋಗಲು ಡಿರೇಲರ್ ಎಂಬುದೇ ಅಲ್ಲಿಲ್ಲ.

ಭಾರವೂ ಬೆಲೆಯೂ ಹೆಚ್ಚು ಎಂಬ ದೂರು ನಿಜ. ಹಲ್ಲುಗಾಲಿಗಳ ಮೂಲಕ ಹಾದುಬರುವ ಶಕ್ತಿಯಲ್ಲಿ ಸ್ವಲ್ಪ ಪಾಲು ಉಜ್ಜಾಟದಲ್ಲಿ ಕಳೆದುಹೋಗುವುದರಿಂದ ಪಂದ್ಯಕ್ಕೆ ಓಡಿಸುವವರು ಇದನ್ನು ಒಲ್ಲರು. ನಿತ್ಯದ ಓಡಾಟಕ್ಕೆ ಅದು ಲೆಕ್ಕಕ್ಕೆ ಬರುವ ನಷ್ಟವೆಂದು ನನಗೆ ಅನ್ನಿಸುವುದಿಲ್ಲ. ಹೆಚ್ಚು ಗಮನಿಸಬೇಕಾದದ್ದು ಗೇರುಗಳ ಹರವು, ಅಂದರೆ ಅತಿ ಭಾರದ ಗೇರು ಅತಿ ಹಗುರ ಗೇರಿನ ಎಷ್ಟು ಪ್ರತಿಶತ ಎಂಬುದು. ಮೂರು ಗೇರಿನ ಎಡಬ್ಲ್ಯೂ ಹಬ್ಬಿನಲ್ಲಿ ಇದು ಸುಮಾರು 177 ಪ್ರತಿಶತ, ಶಿಮಾನೊ ಕಂಪನಿಯ ಎಂಟು ಗೇರಿನ ನೆಕ್ಸಸ್ 8ರಲ್ಲಿ ಸುಮಾರು 307, 14 ಗೇರಿನ ರೋಲಾಫ್ ಹಬ್ಬಿನಲ್ಲಿ 526. ಸಮತಟ್ಟಾದ ದಾರಿಗೆ ಮೂರು ಗೇರು ಧಾರಾಳವಾಯಿತು. ಏರಿಳಿತವಿದ್ದರೆ ಎಂಟು ಬೇಕು. ಸಾಮಾನು ಹೇರಿಕೊಂಡು ಬೆಟ್ಟ ಹತ್ತುವವರಿಗೆ ಮಾತ್ರ ರೋಲಾಫಿನ ಬೆಲೆ ಸಾರ್ಥಕ. ಹರವು ಸಾಲದೆಂದು ಹಿಂದಿನ ಹಲ್ಲುಚಕ್ರವನ್ನು ಬೇಕಾದಷ್ಟು ದೊಡ್ಡದು ಮಾಡುವಂತಿಲ್ಲ, ಏಕೆಂದರೆ ಹಾಗೆ ಮಾಡಿದಷ್ಟೂ ಹಬ್ಬಿನೊಳಗಿನ ಹಲ್ಲುಗಳ ಮೇಲೆ ಬೀಳುವ ಒತ್ತಡ ಏರುತ್ತದೆ. ತಯಾರಕರು ಸೂಚಿಸಿದ ಮಿತಿಯನ್ನು ಮೀರಬಾರದು.

ಹಳೆಯ ಸೈಕಲ್ಲಿಗೆ ಹಬ್ ಹಾಕಿಸುವುದಾದರೆ ಫ್ರೇಮಿನಲ್ಲಿ ಹಿಂದಿನ ಅಚ್ಚು ಕೂರುವ ಸೀಳನ್ನು ನೋಡಿರಿ. ಅದು ಅಡ್ಡವಾಗಿದ್ದರೆ ಗಾಲಿಯನ್ನು ಹಿಂದಕ್ಕೆ ಸರಿಸಿ ಚೈನು ಬಿಗಿ ಮಾಡಬಹುದು. ನೆಟ್ಟಗೆ ಕೆಳಮುಖವಾಗಿದ್ದರೆ ಚೈನು ಬಿಗಿಹಿಡಿಯುವ ಪ್ರತ್ಯೇಕ ಸಾಧನ ಬೇಕಾಗುತ್ತದೆ.

ಓಡಿಸುವಾಗ ಗೇರ್ ಬದಲಿಸುವ ಕ್ಷಣದಲ್ಲಿ ಪೆಡಲ್ ಮೇಲಿನ ಒತ್ತು ಸಡಿಲಿಸಬೇಕು. ಹಳೆಯ ಎಡಬ್ಲ್ಯೂ ಹಬ್ಬಿನಲ್ಲಿ ಎರಡಕ್ಕೂ ಮೂರಕ್ಕೂ ನಡುವೆ ಯಾವ ಗೇರೂ ಹಿಡಿಯದ ಜಾಗವೊಂದಿದೆ. ಗೇರ್ ಕೇಬಲ್ಲಿನ ಹೊಂದಾಣಿಕೆ ತಪ್ಪಿ, ಎದ್ದುನಿಂತು ತುಳಿಯುತ್ತಿರುವಾಗ ಅಲ್ಲಿಗೆ ಜಾರಿದರೆ ಪೆಡಲ್ ಕಾಲಡಿಯಿಂದ ಕುಸಿಯುತ್ತದೆ. ಒಮ್ಮೆ ನನಗೆ ಹಾಗಾಗಿ ಮೊಣಕಾಲು ಹ್ಯಾಂಡಲ್ಲಿಗೆ ಬಡಿದ ಮೇಲೆ, ವಾರಕ್ಕೊಮ್ಮೆ ಎರಡನೆಯ ಗೇರಿಗೆ ಹಾಕಿ ಬಲಬದಿಯ ನಟ್ಟಿನ ಕಿಂಡಿಯಲ್ಲಿ ಇಣುಕುವುದು ರೂಢಿಯಾಗಿದೆ. ಒಳಗಿನ ಕಡ್ಡಿಯ ದಪ್ಪ ಭಾಗ ಮುಗಿಯುವ ಅಂಚು ಅಚ್ಚಿನ ತುದಿಗೆ ಸಮನಾಗಿದ್ದರೆ ಕೇಬಲ್ ಸರಿಯಿದೆ ಎಂದರ್ಥ.

ಹಿಂದಿನ ಗಾಲಿಯ ಪಂಕ್ಚರ್ ಈ ಹಬ್ಬಿನ ನಿಜವಾದ ತಲೆನೋವು. ಮೊಳೆ ಚುಚ್ಚಿದ ಜಾಗ ಕಾಣುತ್ತಿದ್ದರೆ ಗಾಲಿ ಬಿಚ್ಚುವ ಗೋಜಿಗೆ ಹೋಗಬೇಡಿ. ಟೈರಿನ ಅಷ್ಟು ಭಾಗವನ್ನು ಮಾತ್ರ ರಿಮ್ಮಿನಿಂದ ಎಬ್ಬಿಸಿ, ಟ್ಯೂಬನ್ನು ಹೊರಗೆಳೆದು ಪ್ಯಾಚ್ ಹಾಕಿರಿ. ನೆಕ್ಸಸ್ 8ರಲ್ಲಿ ಬಿಚ್ಚಲೇಬೇಕಾದರೆ ಒಂದನೆಯ ಗೇರಿಗೆ ಹಾಕಿ, ಕೇಬಲ್ಲನ್ನು ಹಬ್ಬಿನ ಬದಿಯಿಂದ ಕಳಚಿ, ಆಮೇಲೆ 15 ಮಿಮೀ ಸ್ಪ್ಯಾನರಿನಿಂದ ನಟ್ಟು ಸಡಿಲಿಸಬೇಕು. ಅಚ್ಚು ತಿರುಗದಂತೆ ತಡೆಯುವ ವಾಷರುಗಳಲ್ಲಿ ಎಡದ್ದೇ ಬೇರೆ, ಬಲದ್ದೇ ಬೇರೆ ಆದ್ದರಿಂದ ಅವನ್ನು ಬಿಚ್ಚಿದ ಕ್ರಮದಲ್ಲೇ ಜೋಡಿಸಿಡುವುದು ಕ್ಷೇಮ. ಮತ್ತೆ ಕೂರಿಸಿ, ಚೈನು ತುಸು ಅಲುಗಾಡುವಷ್ಟು ಸಡಿಲ ಬಿಟ್ಟು ನಟ್ಟು ಬಿಗಿದ ಮೇಲೆ ನಾಲ್ಕನೆಯ ಗೇರಿಗೆ ಹಾಕಿರಿ; ಹಬ್ಬಿನ ಬದಿಯಲ್ಲಿರುವ ಎರಡು ಬಣ್ಣದ ಗೆರೆಗಳು ಒಂದಕ್ಕೊಂದು ನೇರವಾಗಿ ಕೂಡುವವರೆಗೆ ಕೇಬಲ್ಲಿನ ತಿರುಪನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ, ಆಮೇಲೆ ಸೈಕಲ್ ಹತ್ತಿರಿ.