ಹೋಲ್ಮಿಯಂ-ಅಲ್ಯೂಮಿನಿಯಂನಲ್ಲಿ ಒಂದು ಮೆಟ್ಟಿಲು, ಒಂದು ಪೀಕ್: ನಾನು ಅಳೆದಿದ್ದು ಹೀಗೆ

ರೇರ್ ಅರ್ತ್ (ಗ್ಯಾಡೊಲಿನಿಯಂ, ಹೋಲ್ಮಿಯಂ ಥರದ ಲೋಹಗಳು) ಕಾಂಪೌಂಡ್‌ಗಳ ಮ್ಯಾಗ್ನೆಟಿಸಂ ಕಲಿಯೋರಿಗೆ ನಾನು ಮೊದಲು ಹೇಳೋದು, ಒಂದು ಪಾಲು ರೇರ್ ಅರ್ತ್‌ಗೆ ಎರಡು ಪಾಲು ಅಲ್ಯೂಮಿನಿಯಂ ಇರೋ ಫ್ಯಾಮಿಲಿ ತಗೊಳ್ಳಿ ಅಂತ. ಎಲ್ಲದರದ್ದೂ ಒಂದೇ ಕ್ಯೂಬಿಕ್ ಸ್ಟ್ರಕ್ಚರ್. ಗ್ಯಾಡೊಲಿನಿಯಂ ಹಾಕಿದ್ರೆ ಸುಮಾರು 170 ಕೆಲ್ವಿನ್‌ಗೇ ಫೆರೋಮ್ಯಾಗ್ನೆಟ್ ಆಗತ್ತೆ, ಅಂದ್ರೆ ಪರಮಾಣುಗಳ ಪುಟ್ಟ ಮ್ಯಾಗ್ನೆಟ್‌ಗಳೆಲ್ಲ ಒಂದೇ ಕಡೆ ತಿರುಗಿ ನಿಲ್ತವೆ, ಡಿಸ್ಪ್ರೋಸಿಯಂಗೆ 60ರ ಹತ್ರ, ಹೋಲ್ಮಿಯಂಗೆ 30ರ ಹತ್ರ, ಎರ್ಬಿಯಂಗೆ ಬರೀ 13. ಒಂದು ಪರಮಾಣುವಿನ 4ಎಫ್ ಎಲೆಕ್ಟ್ರಾನ್ (ಮ್ಯಾಗ್ನೆಟಿಸಂ ಕೊಡೋ, ಒಳಗಡೆ ಹುದುಗಿರೋ ಎಲೆಕ್ಟ್ರಾನ್) ಪಕ್ಕದ್ದನ್ನ ನೇರವಾಗಿ ಮುಟ್ಟೋದೇ ಇಲ್ಲ, ಓಡಾಡೋ ಕಂಡಕ್ಷನ್ ಎಲೆಕ್ಟ್ರಾನ್‌ಗಳೇ ಇಬ್ಬರ ಮಧ್ಯೆ ಸುದ್ದಿ ಮುಟ್ಟಿಸ್ತವೆ, ಮ್ಯಾಗ್ನೆಟಿಸಂನಲ್ಲಿ ಎಲೆಕ್ಟ್ರಾನ್ ಸ್ಪಿನ್‌ನ ಭಾಗ ಚಿಕ್ಕದಾದಷ್ಟೂ ಈ ಟೆಂಪರೇಚರ್ ಇಳಿಯತ್ತೆ.

ನಾನು ಹಿಡ್ಕೊಂಡಿದ್ದು ಹೋಲ್ಮಿಯಂ. ಮೇಲಿನ ಆಕ್ಸೈಡ್ ಪದರ ಕೆರೆದು ತೆಗೆದು, ತೂಕ ಮಾಡಿ, ಆರ್ಗಾನ್‌ನಲ್ಲಿ ಆರ್ಕ್ ಮೆಲ್ಟಿಂಗ್, ಅಂದ್ರೆ ವಿದ್ಯುತ್ ಕಿಡಿಯಿಂದ ಕರಗಿಸೋದು. ಮೊದಲು ಪಕ್ಕದಲ್ಲಿರೋ ಟೈಟಾನಿಯಂ ಉಂಡೆ ಕರಗಿಸ್ತೀನಿ, ಉಳಿದಿರೋ ಆಕ್ಸಿಜನ್ನ ಅದು ಎಳ್ಕೊಳ್ಳತ್ತೆ, ಆಮೇಲೆ ಸ್ಯಾಂಪಲ್, ತಿರುಗಿಸಿ ತಿರುಗಿಸಿ ಕರಗಿಸ್ಬೇಕು ಇಲ್ಲಾಂದ್ರೆ ಒಳಗಡೆ ಸರಿಯಾಗಿ ಬೆರೆಯಲ್ಲ. ಕೊನೆಗೆ ಟ್ಯಾಂಟಲಂ ಹಾಳೆಲಿ ಸುತ್ತಿ ಕ್ವಾರ್ಟ್ಜ್ ಟ್ಯೂಬಲ್ಲಿ ಸೀಲ್ ಮಾಡಿ ಅನೀಲಿಂಗ್, ಅಂದ್ರೆ ಕರಗದ ಹಾಗೆ ತುಂಬ ಹೊತ್ತು ಬಿಸಿಯಲ್ಲಿ ಇಡೋದು. ಎಕ್ಸ್-ರೇ ಪ್ಯಾಟರ್ನ್‌ನಲ್ಲಿ ಬೇರೆ ಗೆರೆ ಇಲ್ಲ ಅಂತ ಖಾತ್ರಿ ಆಗೋವರೆಗೂ ಮ್ಯಾಗ್ನೆಟೋಮೀಟರ್ ಹತ್ರ ಹೋಗಲ್ಲ.

ಪುಡಿ ಅಳೆಯೋರು ಒಂದು ವಿಷಯ ಮರೀಬೇಡಿ. ಹೋಲ್ಮಿಯಂ ಪರಮಾಣುವಿನ ಮೊಮೆಂಟ್ (ಅದರ ಮ್ಯಾಗ್ನೆಟ್‌ನ ಬಲ) 10.6 ಬೋರ್ ಮ್ಯಾಗ್ನೆಟಾನ್ (ಆ ಬಲ ಅಳೆಯೋ ಯೂನಿಟ್), ಫೀಲ್ಡ್ ಕೊಟ್ಟ ತಕ್ಷಣ ಕಾಳುಕಾಳೇ ತಿರುಗಿ ನಿಲ್ಲತ್ತೆ, ಹಾಗಾಗಿ ಪುಡಿನ ಮೇಣದಲ್ಲಿ ಗಟ್ಟಿ ಕೂರಿಸ್ಲೇಬೇಕು. ಫೀಲ್ಡ್ ಇಲ್ದೆ ತಣಿಸಿದ ಕರ್ವ್ ಮತ್ತೆ ಫೀಲ್ಡ್ ಇಟ್ಟು ತಣಿಸಿದ ಕರ್ವ್ ಬೇರೆ ಆಗೋದು ನೋಡಿ ಕೆಲವರು ಸ್ಪಿನ್ ಗ್ಲಾಸ್ (ಮೊಮೆಂಟ್‌ಗಳು ಅಡ್ಡಾದಿಡ್ಡಿಯಾಗೇ ಹೆಪ್ಪುಗಟ್ಟಿರೋ ಸ್ಥಿತಿ) ಅಂದುಬಿಡ್ತಾರೆ, ನಾನು ಒಪ್ಪಲ್ಲ, ಇಂಥ ಗಟ್ಟಿ ಅನಿಸೊಟ್ರೊಪಿ (ಕೆಲವು ದಿಕ್ಕಿಗೇ ನಿಲ್ಲೋ ಹಟ) ಇರೋ ಕಡೆ ಡೊಮೇನ್ ಗೋಡೆ (ಬೇರೆ ಬೇರೆ ದಿಕ್ಕಿಗೆ ನಿಂತ ಭಾಗಗಳ ಮಧ್ಯದ ಗಡಿ) ಸಿಕ್ಕಾಕೊಂಡ್ರೂ ಹಾಗೇ ಕಾಣತ್ತೆ. 50 ಕೆಲ್ವಿನ್ ಹತ್ರ ಸಣ್ಣ ಉಬ್ಬು ಬಂದ್ರೆ ಚೇಂಬರ್‌ನಲ್ಲಿ ಗಾಳಿ ಸೇರ್ಕೊಂಡಿದ್ಯಾ ನೋಡಿ, ಗಟ್ಟಿಯಾಗೋ ಆಕ್ಸಿಜನ್ನೂ ಮ್ಯಾಗ್ನೆಟಿಕ್ಕೇ.

ನನಗೆ ತುಂಬ ಇಷ್ಟ ಆಗಿದ್ದು ಹೀಟ್ ಕೆಪ್ಯಾಸಿಟಿ, ಅಂದ್ರೆ ಒಂದು ಕೆಲ್ವಿನ್ ಬಿಸಿ ಮಾಡೋಕೆ ಎಷ್ಟು ಹೀಟ್ ಬೇಕು ಅನ್ನೋ ಅಳತೆ. 30ರ ಹತ್ರ ಮೊಮೆಂಟ್‌ಗಳು ಸಾಲಾಗಿ ನಿಲ್ಲೋವಾಗ ಒಂದು ಮೆಟ್ಟಿಲು, 20 ಕೆಲ್ವಿನ್‌ಗೆ ಬಂದ್ರೆ ಸೂಜಿ ಥರ ಚೂಪು ಪೀಕ್. ಅಲ್ಲಿ ಹೊಸ ಆರ್ಡರ್ ಏನೂ ಹುಟ್ಟಲ್ಲ, ಇರೋ ಮೊಮೆಂಟ್‌ಗಳೇ ಕ್ರಿಸ್ಟಲ್‌ನ ಒಂದು ದಿಕ್ಕು ಬಿಟ್ಟು ಇನ್ನೊಂದಕ್ಕೆ ವಾಲ್ತವೆ. ಇದು ಫಸ್ಟ್ ಆರ್ಡರ್ (ಐಸ್ ಕರಗೋ ಥರ ಥಟ್ಟನೆ ಆಗೋ ಬದಲಾವಣೆ) ಆಗಿರೋದ್ರಿಂದ ಮಾಮೂಲಿ ಚಿಕ್ಕ ಹೀಟ್ ಪಲ್ಸ್ ಕೊಟ್ಟು ಮಾಡೋ ಫಿಟ್ ಪೀಕ್‌ನ ಮೊಂಡು ಮಾಡಿಬಿಡತ್ತೆ, ಒಂದೇ ಉದ್ದ ಪಲ್ಸ್‌ನಲ್ಲಿ ಪೀಕ್ ದಾಟಿಸಿ ಆ ಕರ್ವ್‌ನ ಇಳಿಜಾರಿಂದ ಲೆಕ್ಕ ಹಾಕಿದ್ರೆ ನಿಜವಾದ ಎತ್ತರ ಸಿಗತ್ತೆ.

ಆಮೇಲೆ ಮ್ಯಾಗ್ನೆಟಿಸಂ ಇಲ್ಲದ ಲ್ಯುಟೇಷಿಯಂ ಸ್ಯಾಂಪಲ್ ಅಳೆದು ಲ್ಯಾಟಿಸ್ ಭಾಗ (ಪರಮಾಣುಗಳ ಅದುರಾಟದ್ದು) ಕಳೆದು ಮೊಮೆಂಟ್‌ಗಳ ಎಂಟ್ರೊಪಿ (ಅವು ಎಷ್ಟು ಚೆಲ್ಲಾಪಿಲ್ಲಿ ಅನ್ನೋ ಲೆಕ್ಕ) ತೆಗೀಬೇಕು. ಹೋಲ್ಮಿಯಂಗೆ ಪೂರ್ತಿ ಬರಬೇಕಾದ್ದು ಮೋಲ್‌ಗೆ 23.6 ಜೌಲ್ ಪರ್ ಕೆಲ್ವಿನ್, ಆರ್ಡರಿಂಗ್ ಟೆಂಪರೇಚರ್‌ಗೆ ಅಷ್ಟೂ ಬಂದಿರಲ್ಲ, ಉಳಿದಿದ್ದನ್ನ ಕ್ರಿಸ್ಟಲ್ ಫೀಲ್ಡ್ ಲೆವೆಲ್‌ಗಳು (ಸುತ್ತಲಿನ ಪರಮಾಣುಗಳಿಂದ ಒಡೆದುಕೊಂಡ ಎನರ್ಜಿ ಲೆವೆಲ್‌ಗಳು) ಹಿಡ್ಕೊಂಡಿರ್ತವೆ, ಮೇಲೆ ಹೋಗ್ತಾ ಹೋಗ್ತಾ ನಿಧಾನಕ್ಕೆ ಬಿಡ್ತವೆ, ಹಾಗಾಗಿ 30ಕ್ಕೇ ಅಳತೆ ನಿಲ್ಲಿಸದೆ 150ರವರೆಗಾದ್ರೂ ಓಡಿಸಿ.