ಕೊಡಗಿನ ಮಸಾಲೆ ಅಂಗಡಿಯಲ್ಲಿ ಕೊಳ್ಳುವುದು ಹೇಗೆ?

ಕುಶಾಲನಗರ ದಾಟಿ ಮಡಿಕೇರಿಯತ್ತ ಏರುವ ರಸ್ತೆಯ ಬದಿಗಳಲ್ಲಿ ‘ಕೂರ್ಗ್ ಸ್ಪೈಸಸ್’, ‘ಹೋಮ್ ಮೇಡ್ ಚಾಕೊಲೇಟ್’, ‘ಶುದ್ಧ ಜೇನುತುಪ್ಪ’ ಎಂಬ ಫಲಕಗಳು ಒಂದರ ಹಿಂದೊಂದು ಎದುರಾಗುತ್ತವೆ. ರಜೆಗೆಂದು ಬಂದವರು ಇಂಥ ಒಂದು ಅಂಗಡಿಗೆ ಹೊಕ್ಕು, ಎರಡು ಚೀಲ ತುಂಬಿಸಿಕೊಂಡು ಹೊರಡುವುದು ವಾಡಿಕೆ. ಆ ಕಪಾಟುಗಳಲ್ಲಿ ನಿಜಕ್ಕೂ ಉತ್ತಮವಾದ ಪದಾರ್ಥಗಳಿವೆ. ಜೊತೆಗೆ ನಿಮ್ಮ ಮನೆಯ ಪಕ್ಕದ ಅಂಗಡಿಯಲ್ಲೇ ಇದಕ್ಕಿಂತ ಕಡಿಮೆ ಬೆಲೆಗೆ ಸಿಗುವ ಪದಾರ್ಥಗಳೂ ಇವೆ. ಇವೆರಡನ್ನು ಬೇರ್ಪಡಿಸಲು ಪರಿಣತಿಯೇನೂ ಬೇಕಿಲ್ಲ, ಸ್ವಲ್ಪ ಸಮಯ ಮತ್ತು ಕೆಲವು ಪ್ರಶ್ನೆಗಳು ಸಾಕು.

ಮೊದಲು ಸಮಯವನ್ನು ಹೊಂದಿಸಿಕೊಳ್ಳಿ

ಊರಿಗೆ ಮರಳುವ ದಿನ, ಗಾಡಿ ಹೊರಗೆ ಕಾಯುತ್ತಿರುವಾಗ ಅಂಗಡಿಗೆ ಹೋಗಬೇಡಿ. ಪ್ರವಾಸದ ಮೊದಲ ಅಥವಾ ಎರಡನೆಯ ದಿನವೇ ಹೋಗಿ ಸ್ವಲ್ಪ ಸ್ವಲ್ಪ ಕೊಂಡು ತಂದರೆ, ಉಳಿದುಕೊಂಡಿರುವ ಹೋಂಸ್ಟೇಯಲ್ಲೇ ಕಾಫಿ ಮಾಡಿಸಿ ಕುಡಿದು, ಮೆಣಸನ್ನು ಕುಟ್ಟಿ ನೋಡಿ, ಹಿಡಿಸಿದ್ದನ್ನು ಮಾತ್ರ ಹೊರಡುವಾಗ ಹೆಚ್ಚಿಗೆ ಕೊಳ್ಳಬಹುದು. ಹೋಂಸ್ಟೇಯವರು ತೋಟ ಇರುವವರಾದರೆ ಅವರ ಮನೆಗೆ ಬೇಕಾದದ್ದನ್ನು ಎಲ್ಲಿ ಕೊಳ್ಳುತ್ತಾರೆಂದು ವಿಚಾರಿಸಿ. ಟ್ಯಾಕ್ಸಿ ತಾನಾಗಿಯೇ ನಿಲ್ಲುವ ಅಂಗಡಿಗಿಂತ ಆ ಉತ್ತರಕ್ಕೆ ಬೆಲೆ ಹೆಚ್ಚು.

ಯಾವುದು ಈ ನೆಲದ್ದು ಎಂದು ಗುರುತಿಸಿ

ಒಳಗೆ ಕಾಲಿಟ್ಟ ಕೂಡಲೇ ಬುಟ್ಟಿ ಹಿಡಿಯದೆ ಒಮ್ಮೆ ಸುತ್ತು ಹಾಕಿ. ಕಾಫಿ, ಕಾಳುಮೆಣಸು, ಏಲಕ್ಕಿ, ಜೇನು ಮತ್ತು ಕಾಚಂಪುಳಿ (ಹಣ್ಣಿನ ರಸವನ್ನು ಬತ್ತಿಸಿ ಮಾಡುವ ಕಪ್ಪು ಹುಳಿ) ಕೊಡಗಿನವು. ಚಕ್ರಮೊಗ್ಗು ಬಹುಪಾಲು ಚೀನಾ ಮತ್ತು ವಿಯೆಟ್ನಾಂ ಕಡೆಯದು. ಬಾದಾಮಿ, ಅಂಜೂರ, ಬಣ್ಣಬಣ್ಣದ ಒಣ ಕಿವಿ ಹಣ್ಣಿಗೂ ಕೊಡಗಿಗೂ ಸಂಬಂಧವಿಲ್ಲ. ಚಕ್ಕೆಯನ್ನು ಕೊಳ್ಳುವುದಾದರೆ ಅಂಚನ್ನು ನೋಡಿ: ಕಾಗದದಷ್ಟು ತೆಳುವಾದ ಹಲವು ಪದರಗಳು ಒಂದರೊಳಗೊಂದು ಸುತ್ತಿಕೊಂಡಿದ್ದರೆ ಅದು ನಿಜವಾದ ದಾಲ್ಚಿನ್ನಿ, ದಪ್ಪ ತೊಗಟೆ ಒಂದೇ ಪದರವಾಗಿ ಬಾಗಿದ್ದರೆ ಅದು ಕ್ಯಾಸಿಯಾ, ಅಂದರೆ ಅದೇ ಕುಲದ ಬೇರೊಂದು ಮರದ ತೊಗಟೆ.

ಇನ್ನೊಂದು ಮಾತು. ಇಂಥ ಅಂಗಡಿಗಳಲ್ಲಿ ಕಾಫಿ ಪುಡಿ ಮಾಡುವ ಯಂತ್ರ ಓಡುತ್ತಿದ್ದರೆ ಬೇರೆ ಯಾವ ವಾಸನೆಯೂ ಮೂಗಿಗೆ ಸಿಗುವುದಿಲ್ಲ. ಆದ್ದರಿಂದ ಮೆಣಸು, ಏಲಕ್ಕಿಗಳ ನಾಲ್ಕು ಕಾಳುಗಳನ್ನು ಅಂಗೈಯಲ್ಲಿ ಹಿಡಿದು ಬಾಗಿಲಾಚೆ ಬಂದು ಮೂಸಿ ನೋಡುವುದು ಒಳ್ಳೆಯದು. ಒಳ್ಳೆಯ ವ್ಯಾಪಾರಿ ಇದಕ್ಕೆ ಬೇಸರಿಸುವುದಿಲ್ಲ.

ಕಾಳುಮೆಣಸು: ಇಲ್ಲಿ ಹೆಚ್ಚು ಹೊತ್ತು ನಿಲ್ಲಿ

ಕೊಡಗಿನ ಕಾಫಿ ತೋಟಗಳಲ್ಲಿ ನೆರಳಿನ ಮರಗಳಿಗೆ ಹಬ್ಬಿದ ಬಳ್ಳಿಗಳಿಂದ ವರ್ಷದ ಆರಂಭದ ತಿಂಗಳುಗಳಲ್ಲಿ ಮೆಣಸನ್ನು ಕೊಯ್ದು, ಕದಿರಿನಿಂದ ಕಾಳು ಬಿಡಿಸಿ, ಬಿಸಿಲಿಗೆ ಒಣಗಿಸುತ್ತಾರೆ. ಕೆಲವರು ಒಣಗಿಸುವ ಮೊದಲು ಕಾಳುಗಳನ್ನು ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆಯುವುದರಿಂದ ಧೂಳು ಹೋಗಿ, ಬಣ್ಣ ಸಮನಾಗಿ ಕಪ್ಪಾಗುತ್ತದೆ. ಹಾಗಾಗಿ ಹೊಳಪಿದ್ದ ಮಾತ್ರಕ್ಕೆ ಮೆಣಸನ್ನು ಸಂಶಯಿಸಬೇಕಿಲ್ಲ; ಆದರೆ ಎಣ್ಣೆಯ ಜಿಡ್ಡಿನ ಹೊಳಪು ಬೇರೆ. 2012ರಲ್ಲಿ ಕೊಚ್ಚಿಯ ಗೋದಾಮುಗಳಲ್ಲಿದ್ದ ಅಪಾರ ಪ್ರಮಾಣದ ಮೆಣಸಿಗೆ ಖನಿಜ ತೈಲ ಸವರಿದ್ದ ಪ್ರಕರಣ ದೊಡ್ಡ ಸುದ್ದಿಯಾಗಿತ್ತು. ಕಾಳುಗಳನ್ನು ಬಿಳಿ ಕಾಗದದ ಕರವಸ್ತ್ರದಲ್ಲಿ ಉಜ್ಜಿ, ಜಿಡ್ಡಿನ ಕಲೆ ಬಿದ್ದರೆ ಅಥವಾ ಸೀಮೆಎಣ್ಣೆಯ ವಾಸನೆ ಬಂದರೆ ಅಲ್ಲಿ ಕೊಳ್ಳಬೇಡಿ.

ವ್ಯಾಪಾರಿಗಳು ಮೆಣಸಿನ ಗುಣವನ್ನು ಲೀಟರ್ ತೂಕದಿಂದ ಅಳೆಯುತ್ತಾರೆ. ಒಂದು ಲೀಟರ್ ಅಳತೆಯ ಪಾತ್ರೆಯಲ್ಲಿ ತುಂಬಿದ ಕಾಳು 550 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ತೂಗಿದರೆ ಅದು ಬಲಿತ, ಗಟ್ಟಿ ಮೆಣಸು. ಅಂಗಡಿಯಲ್ಲಿ ಎರಡು ದರದ ಮೆಣಸುಗಳಿದ್ದರೆ ಒಂದೇ ಸ್ಟೀಲ್ ಲೋಟದಲ್ಲಿ ಎರಡನ್ನೂ ಸರದಿಯಂತೆ ತುಂಬಿ ತಕ್ಕಡಿಗೆ ಇಡಲು ಹೇಳಿ, ದರದ ವ್ಯತ್ಯಾಸಕ್ಕೆ ಕಾರಣವಿದೆಯೇ ಎಂಬುದು ಅಲ್ಲೇ ತಿಳಿಯುತ್ತದೆ. ಅದಕ್ಕೂ ಅವಕಾಶವಿಲ್ಲದಿದ್ದರೆ ಹತ್ತಾರು ಕಾಳುಗಳನ್ನು ನೀರಿಗೆ ಹಾಕಿ: ಬಲಿತ ಕಾಳು ಮುಳುಗುತ್ತದೆ, ಜೊಳ್ಳು ಮತ್ತು ಕಲಬೆರಕೆಗೆ ಸೇರಿಸುವ ಪಪ್ಪಾಯಿ ಬೀಜ ತೇಲುತ್ತವೆ.

ಇದು ಎಲ್ಲಿಯ ಮೆಣಸು ಎಂದು ಕೇಳಲು ಸಂಕೋಚಪಡಬೇಡಿ. ಅಗ್ಗದ ವಿಯೆಟ್ನಾಂ ಮೆಣಸು ಇಲ್ಲಿಯದರೊಂದಿಗೆ ಬೆರೆಯುತ್ತಿದೆ ಎಂಬುದು ಕೊಡಗಿನ ಬೆಳೆಗಾರರ ಹಳೆಯ ದೂರು. ಆಮದಿನ ಒತ್ತಡವನ್ನು ತಡೆಯಲೆಂದೇ ಕೇಂದ್ರ ಸರ್ಕಾರ 2017ರ ಡಿಸೆಂಬರ್‌ನಲ್ಲಿ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆಯನ್ನು ನಿಗದಿಪಡಿಸಿತು. ಮೂಲವನ್ನು ನೋಡಿ ಹೇಳಲು ಗ್ರಾಹಕನಿಗೆ ಸಾಧ್ಯವಿಲ್ಲವಾದರೂ, ಯಾವ ಊರಿನ ತೋಟ, ಯಾವ ವರ್ಷದ ಕೊಯ್ಲು ಎಂಬ ಪ್ರಶ್ನೆಗೆ ತಡವರಿಸದೆ ಉತ್ತರಿಸುವವನನ್ನು ನಂಬುವುದು ಲೇಸು. ಪುಡಿಯನ್ನಂತೂ ಕೊಳ್ಳಲೇಬೇಡಿ. ಇಡೀ ಕಾಳು ಗಾಳಿಯಾಡದ ಡಬ್ಬಿಯಲ್ಲಿ ಒಂದು ವರ್ಷಕ್ಕೂ ಮೀರಿ ಘಾಟು ಉಳಿಸಿಕೊಳ್ಳುತ್ತದೆ, ಪುಡಿಯ ಪರಿಮಳ ಬೇಗನೆ ಆರಿಹೋಗುತ್ತದೆ.

ಏಲಕ್ಕಿ

ಕೊಡಗಿನ ಹಸಿರು ಏಲಕ್ಕಿಗೆ ಭೌಗೋಳಿಕ ಸೂಚಕ (ಜಿಐ, ಅಂದರೆ ಒಂದು ಪ್ರದೇಶದ ವಿಶಿಷ್ಟ ಉತ್ಪನ್ನವೆಂಬ ಗುರುತು) ಮಾನ್ಯತೆ ಇದೆ, ಮಡಿಕೇರಿ ಬಳಿಯ ಅಪ್ಪಂಗಳದಲ್ಲಿ ಏಲಕ್ಕಿ ಸಂಶೋಧನೆ ನಡೆಸುವ ಕೇಂದ್ರವಿದೆ. ಆದರೂ ದೇಶದ ಏಲಕ್ಕಿಯ ದೊಡ್ಡ ಪಾಲು ಬರುವುದು ಕೇರಳದ ಇಡುಕ್ಕಿಯಿಂದ, ಮಡಿಕೇರಿಯ ಅಂಗಡಿಯಲ್ಲೂ ಅದು ಇರಬಹುದು. ಎಂಟು ಮಿಲಿಮೀಟರಿಗಿಂತ ದಪ್ಪನೆಯ ಕಾಯಿಗೆ ದುಬಾರಿ ದರ. ಗಾತ್ರಕ್ಕಿಂತ ಒಳಗಿನ ಬೀಜವೇ ಮುಖ್ಯವಾದ್ದರಿಂದ ಒಂದು ಕಾಯಿ ಬಿಡಿಸಿ ನೋಡಿ: ಬೀಜ ಕಪ್ಪಾಗಿ, ಅಂಟಂಟಾಗಿ, ಒಂದಕ್ಕೊಂದು ಹತ್ತಿಕೊಂಡಿರಬೇಕು. ಒಣಗಿ ಕಂದುಬಣ್ಣಕ್ಕೆ ತಿರುಗಿದ ಬೀಜ ಹಳೆಯದು. ಹಸಿರು ಅತಿಯಾಗಿ ಕಂಡರೆ ಒದ್ದೆ ಹತ್ತಿಯಿಂದ ಸಿಪ್ಪೆಯನ್ನು ಒರೆಸಿ, ಬಣ್ಣ ಬಿಡುತ್ತದೆಯೇ ಪರೀಕ್ಷಿಸಿ.

ಕಾಫಿ: ಪೊಟ್ಟಣದ ಹಿಂಬದಿಯನ್ನು ಓದಿ

‘ಕೂರ್ಗ್ ಅರೇಬಿಕಾ’ಗೆ 2019ರಲ್ಲಿ ಭೌಗೋಳಿಕ ಸೂಚಕ ದೊರೆತಿದ್ದರೂ, ಕೊಡಗಿನಲ್ಲಿ ಬೆಳೆಯುವ ಕಾಫಿಯ ಹೆಚ್ಚಿನ ಪಾಲು ಇನ್ನೊಂದು ಜಾತಿಯಾದ ರೊಬಸ್ಟಾ. ಅದನ್ನು ಕೀಳಾಗಿ ಕಾಣುವುದು ಈಚಿನ ಶೋಕಿ. ಫಿಲ್ಟರಿನಲ್ಲಿ ಗಟ್ಟಿ ಡಿಕಾಕ್ಷನ್ ಇಳಿಸಿ ಹಾಲು ಬೆರೆಸಿ ಕುಡಿಯುವವರಿಗೆ ಅರೇಬಿಕಾದ ಜೊತೆ ಒಂದು ಪಾಲು ರೊಬಸ್ಟಾ ಇದ್ದರೇ ಚೆನ್ನ, ಹಾಲಿಲ್ಲದೆ ಕುಡಿಯುವವರಿಗೆ ಬರಿಯ ಅರೇಬಿಕಾ ಸರಿಹೊಂದುತ್ತದೆ. ಫಲಕದ ಮೇಲೆ ‘ಪ್ಲಾಂಟೇಷನ್’ ಎಂದಿದ್ದರೆ ಅದು ಹಣ್ಣಿನ ತಿರುಳು ಬಿಡಿಸಿ ತೊಳೆದು ಸಂಸ್ಕರಿಸಿದ ಅರೇಬಿಕಾ, ‘ಪಾರ್ಚ್‌ಮೆಂಟ್’ ಎಂದಿದ್ದರೆ ಹಾಗೆಯೇ ತೊಳೆದ ರೊಬಸ್ಟಾ, ‘ಚೆರಿ’ ಎಂದರೆ ಹಣ್ಣನ್ನು ಇಡಿಯಾಗಿ ಒಣಗಿಸಿದ್ದು. ಪೀಬೆರಿಯು ಎರಡರ ಬದಲು ಒಂದೇ ಬೀಜ ಕಟ್ಟಿದ ಹಣ್ಣಿನ ಗುಂಡು ಬೀಜ, ಬೇರೆ ಜಾತಿಯಲ್ಲ.

ಚಿಕೋರಿ ಬೆರೆಸಿದ ಪುಡಿಯಲ್ಲಿ ಕನಿಷ್ಠ ಶೇ 51ರಷ್ಟು ಕಾಫಿ ಇರಬೇಕು ಮತ್ತು ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಮುದ್ರಿಸಬೇಕು ಎಂಬುದು ನಿಯಮ. ಮುಂಬದಿಯಲ್ಲಿ ತೋಟದ ಚಿತ್ರವಿದ್ದು ಹಿಂಬದಿಯಲ್ಲಿ ಅರ್ಧದಷ್ಟು ಚಿಕೋರಿ ಇರುವ ಪೊಟ್ಟಣಗಳು ಕಡಿಮೆಯೇನಿಲ್ಲ. ಕೇಳಬೇಕಾದ ಮುಖ್ಯ ಪ್ರಶ್ನೆ, ಬೀಜವನ್ನು ಯಾವಾಗ ಹುರಿದದ್ದು ಎಂಬುದು. ಮನೆಯಲ್ಲಿ ಪುಡಿ ಮಾಡುವ ಅನುಕೂಲವಿದ್ದರೆ ಬೀಜವನ್ನೇ ಒಯ್ಯಿರಿ. ಇಲ್ಲವಾದರೆ ಎರಡು ವಾರಕ್ಕೆ ಸಾಲುವಷ್ಟನ್ನು ಮಾತ್ರ ಕಣ್ಣೆದುರೇ ಪುಡಿ ಮಾಡಿಸಿಕೊಳ್ಳಿ.

ಜೇನು ಮತ್ತು ಕಾಚಂಪುಳಿ

ಕೊಡಗಿನ ಜೇನು ಹೆಸರು ಮಾಡಿದ್ದು ಪೆಟ್ಟಿಗೆಗಳಲ್ಲಿ ಸಾಕುವ ತುಡುವೆ ಜೇನಿನಿಂದ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗವು ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ನೆಲಕಚ್ಚಿಸಿದ ಮೇಲೆ ಆ ವೈಭವ ಮೊದಲಿನಂತೆ ಉಳಿದಿಲ್ಲ, ಬೇಡಿಕೆ ಮಾತ್ರ ಹಾಗೆಯೇ ಇದೆ. ಅಂತರವನ್ನು ತುಂಬುತ್ತಿರುವುದು ಯಾವ ಜೇನು ಎಂಬುದನ್ನು ನೀವೇ ವಿಚಾರಿಸಬೇಕು. ನೀರಿನ ಲೋಟಕ್ಕೆ ಹನಿ ಬಿಡುವುದು, ಬತ್ತಿಗೆ ಸವರಿ ಹೊತ್ತಿಸುವುದು ಮುಂತಾದ ಪ್ರದರ್ಶನಗಳಿಗೆ ಮರುಳಾಗಬೇಡಿ. ಅಕ್ಕಿಯ ಪಾಕದಂಥ ಕಲಬೆರಕೆಯನ್ನು ಅವು ಹಿಡಿಯಲಾರವು, ಅದಕ್ಕೆ ಪ್ರಯೋಗಾಲಯವೇ ಬೇಕು. ತುಡುವೆ ಜೇನು ಸಹಜವಾಗಿಯೇ ತುಸು ತೆಳು, ಆದ್ದರಿಂದ ನೀರಾಗಿದೆಯೆಂದು ತಿರಸ್ಕರಿಸುವುದೂ ಸರಿಯಲ್ಲ. ತಳದಲ್ಲಿ ಸಕ್ಕರೆಯಂತೆ ಹರಳುಗಟ್ಟಿದ್ದರೆ ಅದೂ ದೋಷವಲ್ಲ. ಹುಳಿ ವಾಸನೆ, ನೊರೆ ಇದ್ದರೆ ಬಿಟ್ಟುಬಿಡಿ. ಜೇನು ಸಾಕುವವರ ಸಹಕಾರ ಸಂಘದ ಮಳಿಗೆ ದಾರಿಯಲ್ಲಿ ಸಿಕ್ಕರೆ ಅಲ್ಲಿ ಕೊಳ್ಳುವುದೇ ನನ್ನ ಆಯ್ಕೆ.

ಕೊಡಗಿಗೆ ಹೋಗಿ ಒಂದೇ ಪದಾರ್ಥ ತರಬೇಕೆಂದರೆ ಅದು ಕಾಚಂಪುಳಿಯಾಗಲಿ. ಮಲೆನಾಡಿನವರು ಉಪ್ಪಾಗೆ ಎನ್ನುವ ಹಣ್ಣೇ ಇದರ ಮೂಲ. ಮಳೆಗಾಲದಲ್ಲಿ ಮಾಗಿದ ಹಣ್ಣುಗಳನ್ನು ಬುಟ್ಟಿಯಲ್ಲಿ ರಾಶಿ ಹಾಕಿ, ತೊಟ್ಟಿಕ್ಕುವ ರಸವನ್ನು ಸಂಗ್ರಹಿಸಿ, ಕಡುಗಪ್ಪಾಗಿ ಮಂದವಾಗುವವರೆಗೆ ಒಲೆಯ ಮೇಲೆ ಕುದಿಸಿ ಬತ್ತಿಸುತ್ತಾರೆ. ಕೊಡವರ ಹಂದಿ ಮಾಂಸದ ಅಡುಗೆಯಾದ ಪಂದಿ ಕರಿಗೆ ಆ ಕಪ್ಪು ಬಣ್ಣ, ಆ ಹುಳಿ ಬರುವುದು ಇದರಿಂದಲೇ. ಬಾಟಲಿಯನ್ನು ಓರೆ ಮಾಡಿ ನೋಡಿ: ಒಳ್ಳೆಯದಾದರೆ ಗಾಜಿಗೆ ಮೆತ್ತಿಕೊಂಡು ನಿಧಾನವಾಗಿ ಇಳಿಯುತ್ತದೆ, ಬತ್ತಿಸದೆ ಅವಸರದಲ್ಲಿ ತುಂಬಿದ್ದಾದರೆ ನೀರಿನಂತೆ ಸರಿಯುತ್ತದೆ. ಅಡುಗೆಯ ಕೊನೆಗೆ ಚಮಚದ ಲೆಕ್ಕದಲ್ಲಿ ಹಾಕುವ ವಸ್ತುವಾದ್ದರಿಂದ ಚಿಕ್ಕ ಬಾಟಲಿ ಸಾಕು, ವರ್ಷಗಳವರೆಗೂ ಕೆಡುವುದಿಲ್ಲ. ಮಾಂಸ ತಿನ್ನದವರು ಇದನ್ನು ಅಣಬೆ ಪಲ್ಯಕ್ಕೆ ಹಾಕಿ ನೋಡಬಹುದು.

ಚಾಕೊಲೇಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪದಾರ್ಥಗಳ ಪಟ್ಟಿಯಲ್ಲಿ ಕೋಕೋ ಬೆಣ್ಣೆಯ ಬದಲು ಹೈಡ್ರೋಜನೀಕೃತ ಸಸ್ಯಜನ್ಯ ಕೊಬ್ಬು ಇದ್ದರೆ ಅದು ಹೆಸರಿಗಷ್ಟೇ ಚಾಕೊಲೇಟ್. ‘ಹೋಮ್ ಮೇಡ್ ವೈನ್’ ಮಾರಲು ಅಬಕಾರಿ ಪರವಾನಗಿ ಬೇಕು, ಲೇಬಲ್ ಇಲ್ಲದ ಬಾಟಲಿಯನ್ನು ಮುಟ್ಟದಿರಿ.

ಹಣ ಕೊಡುವ ಮೊದಲು, ಕೊಟ್ಟ ಮೇಲೆ

ಪೊಟ್ಟಣದ ಮೇಲೆ ಹದಿನಾಲ್ಕು ಅಂಕಿಗಳ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆ, ನಿವ್ವಳ ತೂಕ, ತುಂಬಿದ ದಿನಾಂಕ, ಗರಿಷ್ಠ ಮಾರಾಟ ಬೆಲೆ ಇವೆಯೇ ನೋಡಿ, ಬಿಲ್ ಪಡೆಯಿರಿ. ಕಾಫಿಯು ಪಕ್ಕದ ವಾಸನೆಯನ್ನು ಬೇಗ ಹೀರಿಕೊಳ್ಳುವುದರಿಂದ ಅದನ್ನು ಮೆಣಸು, ಏಲಕ್ಕಿಗಳ ಜೊತೆ ಒಂದೇ ಚೀಲದಲ್ಲಿ ಕಟ್ಟಬೇಡಿ. ಕೊಡಗಿನಲ್ಲಿ ರೈಲಿಲ್ಲ, ಇಳಿಯುವ ದಾರಿಯೆಲ್ಲ ತಿರುವು; ಜೇನು ಮತ್ತು ಕಾಚಂಪುಳಿಯ ಮುಚ್ಚಳಕ್ಕೆ ಟೇಪು ಸುತ್ತಿ, ಪ್ಲಾಸ್ಟಿಕ್ ಚೀಲದೊಳಗೆ ನೆಟ್ಟಗೆ ನಿಲ್ಲಿಸಿ.

ವಿದೇಶದಲ್ಲಿರುವ ಮಕ್ಕಳಿಗೆ ಒಯ್ಯುವವರು ಇವೆರಡನ್ನೂ ದ್ರವವೆಂದೇ ಪರಿಗಣಿಸಬೇಕು. ಅಂತರರಾಷ್ಟ್ರೀಯ ವಿಮಾನದಲ್ಲಿ 100 ಮಿಲಿಲೀಟರಿಗಿಂತ ದೊಡ್ಡ ಬಾಟಲಿಯನ್ನು ಕೈಚೀಲದಲ್ಲಿ ಬಿಡುವುದಿಲ್ಲ. ನ್ಯೂಜಿಲೆಂಡಿಗೆ ಹೋಗುವವರು ಜೇನನ್ನು ಕೊಳ್ಳಲೇಬೇಡಿ, ಅಲ್ಲಿ ಅದಕ್ಕೆ ಪ್ರವೇಶವಿಲ್ಲ. ಆಸ್ಟ್ರೇಲಿಯಾಕ್ಕೆ ಹೋಗುವವರು ಮೆಣಸಿನಿಂದ ಹಿಡಿದು ಕಾಫಿಯವರೆಗೆ ಎಲ್ಲವನ್ನೂ ಪ್ರಯಾಣಿಕರ ಘೋಷಣಾ ಪತ್ರದಲ್ಲಿ ಬರೆಯಬೇಕು. ಅಂಗಡಿಯ ಮೂಲ ಪೊಟ್ಟಣವನ್ನು ಒಡೆಯದೆ, ಲೇಬಲ್ ಕಾಣುವಂತೆ ಸೂಟ್‌ಕೇಸಿನ ಮೇಲ್ಭಾಗದಲ್ಲೇ ಇಟ್ಟುಕೊಂಡರೆ ತಪಾಸಣೆಯ ಮೇಜಿನ ಮುಂದೆ ಬಟ್ಟೆಬರೆಯನ್ನೆಲ್ಲ ಹರವಬೇಕಾಗುವುದಿಲ್ಲ.